ಹತ್ತು ಅಡಿ ಜಾಗದ ರಗಳೆ: ಕಾಪು ಸುಗ್ಗಿ ಮಾರಿಪೂಜೆ, 2022

ಜಾತ್ರೆಯಲ್ಲಿ ಅಂಗಡಿ ಜಾಗ ಎಂದರೆ ಎಂತದು ಎಂದು ಮೊದಲು ಹೇಳಿಬಿಡುತ್ತೇನೆ. 2022ರ ಕಾಪು ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಜಾಗ ಇಲ್ಲ ಎಂದ ಈ ಪ್ರಕರಣ ಪೂರ್ತಿ ನಿಂತಿರುವುದು ಅದರ ಮೇಲೆಯೇ.

ಜಾತ್ರೆಗೆ ಕೆಲವು ದಿನ ಇರುವಾಗ ಸಮಿತಿಯವರೊಬ್ಬರು ಟೇಪು ಹಿಡಿದುಕೊಂಡು ಬರುತ್ತಾರೆ. ಅವರ ಹಿಂದೆ ಇನ್ನೊಬ್ಬರು, ಕೈಯಲ್ಲಿ ಸುಣ್ಣದ ಪುಡಿ ತುಂಬಿದ ಡಬ್ಬ. ಹತ್ತು ಅಡಿಗೊಂದು ಗೆರೆ, ಗೆರೆಯೊಳಗೆ ಒಂದು ನಂಬರು. ದ್ವಾರದ ಹತ್ತಿರದ ನಂಬರಿಗೆ ರೇಟು ಜಾಸ್ತಿ, ಚರಂಡಿ ಪಕ್ಕದ್ದಕ್ಕೆ ಕಡಿಮೆ. ಆಮೇಲೆ ಒಂದು ದಿನ ಏಲಂ. ದುಡ್ಡು ಕಟ್ಟಿದವರಿಗೆ ರಶೀದಿ. ಆ ರಶೀದಿ ಇದ್ದರೆ ಎರಡು ದಿನ ಅಲ್ಲಿ ನಾಲ್ಕು ಬಿದಿರು ನೆಟ್ಟು, ಮೇಲೊಂದು ಟಾರ್ಪಾಲು ಎಳೆದು ಕೂರಬಹುದು. ಮೂರನೆಯ ದಿನದ ಹೊತ್ತಿಗೆ ಜನರ ಕಾಲಿಗೆ ಸಿಕ್ಕಿ ಗೆರೆಯೂ ಅಳಿಸಿರುತ್ತದೆ.

ನಾನು ಸಣ್ಣವನಿದ್ದಾಗ ನಮ್ಮೂರ ಜಾತ್ರೆಗೆ ಬಳೆ ಮಾರಲು ಒಬ್ಬರು ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ ಸಮುದಾಯದವರು, ಬರುತ್ತಿದ್ದರು. ಅಮ್ಮನ ಕೈ ಹಿಡಿದು, ಹೆಬ್ಬೆರಳಿನ ಬುಡ ಒತ್ತಿ, ಚೂರು ಸಾಬೂನು ನೀರು ಹಚ್ಚಿ, ಊರಿನ ಸುದ್ದಿ ಮಾತಾಡುತ್ತಲೇ ಬಳೆ ಏರಿಸುತ್ತಿದ್ದರು. ಏರಿಸುವಾಗ ಒಡೆದರೆ ಆ ಬಳೆಯ ದುಡ್ಡು ಲೆಕ್ಕಕ್ಕಿಲ್ಲ. ಅವರು ಅಮ್ಮನನ್ನು ಅಕ್ಕ ಎನ್ನುತ್ತಿದ್ದರು, ಅಮ್ಮ ಅವರನ್ನು ಬ್ಯಾರಿ ಎನ್ನುತ್ತಿದ್ದರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಹಿಂದೆ ಎಲ್ಲ ಚಂದ ಇತ್ತು ಎಂದು ಹೇಳಲು ನಾನು ಹೊರಟಿಲ್ಲ. ಹೆಸರು ಗೊತ್ತಿಲ್ಲದ ಬಳಕೆ ಅದು. ಆದರೆ ಅವರಿಗೆ ಗೆರೆಯೊಳಗೆ ಜಾಗ ಇತ್ತು.

ಮಂಗಳವಾರದಿಂದ ಮಂಗಳವಾರಕ್ಕೆ

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕಾಪು ಸಿಗುತ್ತದೆ. ದೀಪಸ್ತಂಭದ ಊರು ಎಂದು ಹೊರಗಿನವರಿಗೆ ಗೊತ್ತು. ನಮಗೆ ಅದು ಮಾರಿಯ ಊರು. ಅಲ್ಲಿ ಮೂರು ಮಾರಿಗುಡಿಗಳಿವೆ: ಹಳೆಯದು, ಹೊಸದು, ಮೂರನೆಯದು. ವರ್ಷಕ್ಕೆ ಮೂರು ಸಲ, ತುಳು ತಿಂಗಳುಗಳ ಹೆಸರಿನಲ್ಲಿ, ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ. ಇವುಗಳಲ್ಲಿ ಸುಗ್ಗಿಯದ್ದೇ ದೊಡ್ಡದು. ಮಂಗಳವಾರ ಶುರುವಾಗಿ ಬುಧವಾರದವರೆಗೆ ನಡೆಯುತ್ತದೆ. ಹೂವು, ಹಣ್ಣು, ಕೋಳಿ, ಬಳೆ, ಆಟದ ಸಾಮಾನು ಎಲ್ಲದಕ್ಕೂ ಅಲ್ಲಿ ಗಿರಾಕಿ ಇದ್ದಾರೆ. ಮಲ್ಲಿಗೆಯ ಶಂಕರಪುರ ಪಕ್ಕದಲ್ಲೇ ಇದೆ. ಚೆಂಡಿನ ಲೆಕ್ಕದಲ್ಲಿ, ಅಟ್ಟೆಯ ಲೆಕ್ಕದಲ್ಲಿ ಹೂವು ಇಳಿಯುತ್ತದೆ. ಹೂವು ಕಟ್ಟುವವರು ಒಂದು ಜಾತಿಯವರಾದರೆ ಮಾರುವವರು ಇನ್ನೊಂದು, ಕೊಳ್ಳುವವರು ಮತ್ತೊಂದು. ಯಾರೂ ಇದನ್ನು ಸೌಹಾರ್ದ ಎಂದು ಕರೆಯುತ್ತಿರಲಿಲ್ಲ. ವ್ಯಾಪಾರ ಎನ್ನುತ್ತಿದ್ದರು ಅಷ್ಟೆ.

2022ರ ಮಾರ್ಚ್ ತಿಂಗಳ ತಾರೀಕುಗಳನ್ನು ಸ್ವಲ್ಪ ಗಮನವಿಟ್ಟು ನೋಡಬೇಕು.

ಮಾರ್ಚ್ 15, ಮಂಗಳವಾರ. ಹಿಜಾಬ್ ವಿಷಯದಲ್ಲಿ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಗಲಾಟೆ ಅದು. ಸಮವಸ್ತ್ರದ ಬಗ್ಗೆ ಸರ್ಕಾರ ಫೆಬ್ರವರಿ 5ಕ್ಕೆ ಹೊರಡಿಸಿದ್ದ ಆದೇಶವನ್ನು ಕೋರ್ಟು ಎತ್ತಿಹಿಡಿಯಿತು.

ಮಾರ್ಚ್ 17, ಗುರುವಾರ. ತೀರ್ಪಿನ ಬಗ್ಗೆ ಬೇಸರ ತೋರಿಸಲು ಮುಸ್ಲಿಂ ಮುಖಂಡರು ಬಂದ್‌ಗೆ ಕರೆ ಕೊಟ್ಟರು. ಕರಾವಳಿಯಲ್ಲೂ ಮುಸ್ಲಿಮರ ಅಂಗಡಿಗಳು ಮುಚ್ಚಿದವು. ನನಗೆ ಆ ಬಂದ್ ಸರಿ ಕಾಣಲಿಲ್ಲ. ತೀರ್ಪು ಒಪ್ಪಿಗೆ ಆಗದಿದ್ದರೆ ಸುಪ್ರೀಂ ಕೋರ್ಟಿಗೆ ಹೋಗುವ ದಾರಿ ಇತ್ತು, ಹೋಗಿಯೂ ಆಗಿತ್ತು. ಆದರೂ ಬಂದ್ ಎಂದರೆ ಏನು? ತಮ್ಮ ಅಂಗಡಿಯ ಶಟರು ತಾವೇ ಎಳೆದುಕೊಂಡದ್ದು. ಒಂದು ದಿನದ ವ್ಯಾಪಾರ ತಾವೇ ಕಳೆದುಕೊಂಡದ್ದು. ಅದು ಅಪರಾಧವಂತೂ ಅಲ್ಲ.

ಅದಾದ ಮೇಲೆ ಬ್ಯಾನರ್‌ಗಳು ಬಂದವು. ಕಾನೂನಿಗೆ ಮರ್ಯಾದೆ ಕೊಡದವರಿಗೆ, ಗೋವು ಕೊಲ್ಲುವವರಿಗೆ ನಮ್ಮ ಜಾತ್ರೆಯಲ್ಲಿ ವ್ಯಾಪಾರಕ್ಕೆ ಜಾಗ ಇಲ್ಲ ಎಂಬರ್ಥದ ಬ್ಯಾನರ್. ಕೆಳಗೆ ಸರಿಯಾದ ಹೆಸರು ವಿಳಾಸ ಇರಲಿಲ್ಲ. ಹಿಂದೂ ಸಂಘಟನೆಗಳು ಕಾಪುವಿನ ಹೊಸ ಮಾರಿಗುಡಿಯ ಆಡಳಿತ ಮಂಡಳಿಗೆ ಮನವಿ ಕೊಟ್ಟವು. ಜಾತ್ರೆ ಶಾಂತವಾಗಿ ನಡೆದರೆ ಸಾಕು ಎಂದು ಆಡಳಿತ ಮಂಡಳಿ ಒಪ್ಪಿಕೊಂಡಿತು. ಆ ಸಲದ ಏಲಂ ಹಿಂದೂಗಳಿಗೆ ಮಾತ್ರ.

ಮಾರ್ಚ್ 22, ಮಂಗಳವಾರ. ಮಾರಿಪೂಜೆ.

ಕೋರ್ಟಿನ ತೀರ್ಪಿಗೂ ಕೋಳಿ, ಮಲ್ಲಿಗೆ, ಬಲೂನಿಗೂ ಏನು ಸಂಬಂಧ? ಒಂದು ವಾರದಲ್ಲಿ ಸಂಬಂಧ ಕಟ್ಟಿಯಾಗಿತ್ತು. ಕಾಲೇಜಿನ ಹುಡುಗಿಯರ ತಲೆವಸ್ತ್ರದ ಜಗಳಕ್ಕೆ ಲೆಕ್ಕ ಚುಕ್ತಾ ಮಾಡಿದ್ದು ಜಾತ್ರೆಯಲ್ಲಿ ಬಳೆ ಮಾರುವವರು.

ವಿಧಾನಸಭೆಯಲ್ಲಿ ಒಂದು ನಿಯಮ ಎದ್ದು ನಿಂತಿತು

ಇಷ್ಟರವರೆಗೆ ಇದು ಒಂದು ಊರಿನ, ಕೆಲವು ಸಂಘಟನೆಗಳ ಕತೆ. ಪ್ರಕರಣ ಬೇರೆಯದೇ ಆದದ್ದು ಮಾರ್ಚ್ 23ರಂದು. ಅಂದರೆ ಮಾರಿಪೂಜೆಯ ಎರಡನೆಯ ದಿನ.

ಅವತ್ತು ವಿಧಾನಸಭೆಯಲ್ಲಿ ವಿರೋಧ ಪಕ್ಷ ಕಾಂಗ್ರೆಸ್ಸಿನ ಶಾಸಕರಾಗಿದ್ದ ಯು.ಟಿ. ಖಾದರ್ ಈ ವಿಷಯ ಎತ್ತಿದರು. ಸರ್ಕಾರದ ಪರವಾಗಿ ಉತ್ತರ ಕೊಟ್ಟವರು ಕಾನೂನು ಸಚಿವರಾಗಿದ್ದ ಜೆ.ಸಿ. ಮಾಧುಸ್ವಾಮಿ. 2002ರ ಮುಜರಾಯಿ ನಿಯಮಗಳಲ್ಲೇ ಹೀಗಿದೆ ಎಂದರು. ದೇವಸ್ಥಾನದ ಹತ್ತಿರದ ಜಮೀನು, ಕಟ್ಟಡ, ನಿವೇಶನ ಯಾವುದನ್ನೂ ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡುವಂತಿಲ್ಲ. ಇದು ನಾವು ಮಾಡಿದ ನಿಯಮ ಅಲ್ಲ, ಕಾಂಗ್ರೆಸ್ ಸರ್ಕಾರ ಇದ್ದಾಗ ಆದದ್ದು ಎಂದೂ ನೆನಪಿಸಿದರು. ಅದು ನಿಜ. 2002ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಎಸ್.ಎಂ. ಕೃಷ್ಣ. ದೇವಸ್ಥಾನದ ಆವರಣದ ಹೊರಗೆ ಯಾರನ್ನಾದರೂ ತಡೆದಿದ್ದರೆ ಸರಿಮಾಡುತ್ತೇವೆ, ಒಳಗೆ ಮಾತ್ರ ನಿಯಮದ ಪ್ರಕಾರ ಬೇರೆಯವರಿಗೆ ಅವಕಾಶ ಇಲ್ಲ ಎಂಬುದು ಅವರ ಮಾತಿನ ಸಾರ.

ಬ್ಯಾನರ್ ಕಟ್ಟಿದವರಿಗೆ ಆ ನಿಯಮ ಮೊದಲೇ ಗೊತ್ತಿತ್ತೋ ಇಲ್ಲವೋ. ಅವತ್ತಿನಿಂದ ಎಲ್ಲರಿಗೂ ಗೊತ್ತಾಯಿತು. ಪಡುಬಿದ್ರಿ, ಮೂಲ್ಕಿಯ ಬಪ್ಪನಾಡು, ಮಂಗಳೂರಿನ ಮಂಗಳಾದೇವಿ, ಪುತ್ತೂರಿನ ಮಹಾಲಿಂಗೇಶ್ವರ ಎಂದು ಮಾತು ಒಂದೊಂದೇ ಜಾತ್ರೆಗೆ ಹಬ್ಬಿತು. ಮೊದಲು "ಕೊಡಬೇಡಿ" ಎಂದು ಮನವಿ ಮಾಡುತ್ತಿದ್ದವರು ಈಗ "ನಿಯಮ ಪಾಲಿಸಿ" ಎನ್ನತೊಡಗಿದರು. ಎರಡೂ ಒಂದೇ ಬೇಡಿಕೆ. ಆದರೆ ಎರಡನೆಯದಕ್ಕೆ ಸರ್ಕಾರದ ಮೊಹರು ಇತ್ತು.

ಆಗ ಆಳುತ್ತಿದ್ದ ಬಿಜೆಪಿಯಲ್ಲಿ ಎಲ್ಲರೂ ಸುಮ್ನೆ ಇರಲಿಲ್ಲ. ವಿಧಾನ ಪರಿಷತ್ ಸದಸ್ಯರಾಗಿದ್ದ ಎ.ಎಚ್. ವಿಶ್ವನಾಥ್, ಬೆಳಗಾವಿಯ ಶಾಸಕ ಅನಿಲ್ ಬೆನಕೆ ಇಬ್ಬರೂ ಇದು ತಪ್ಪು ಎಂದು ಬಹಿರಂಗವಾಗಿಯೇ ಹೇಳಿದರು. ಇಬ್ಬರೂ ಕರಾವಳಿಯವರಲ್ಲ ಎಂಬುದನ್ನೂ ಗಮನಿಸಬೇಕು.

ಗುತ್ತಿಗೆಯೋ, ಪರವಾನಗಿಯೋ

ಈಗ ಆ ನಿಯಮವನ್ನೇ ಸ್ವಲ್ಪ ಬಿಡಿಸೋಣ.

1997ರ ಧಾರ್ಮಿಕ ದತ್ತಿ ಕಾಯ್ದೆಯ ಕೆಳಗೆ 2002ರಲ್ಲಿ ಮಾಡಿದ ನಿಯಮಗಳು ಅವು. ಕಾಯ್ದೆ ಜಾರಿಗೆ ಬಂದದ್ದು 2003ರ ಮೇ ತಿಂಗಳಲ್ಲಿ. 31ನೆಯ ನಿಯಮ ದೇವಸ್ಥಾನದ ಸ್ಥಿರಾಸ್ತಿಯನ್ನು ಗುತ್ತಿಗೆ ಕೊಡುವುದರ ಬಗ್ಗೆ ಇದೆ. ಅದರ 12ನೆಯ ಉಪನಿಯಮ ನಮ್ಮ ಜಗಳದ ಮೂಲ. ಇಂಥ ನಿಯಮ ಹುಟ್ಟುವುದಕ್ಕೆ ಹಿನ್ನೆಲೆಯೂ ಇದೆ. ಇನಾಮು ರದ್ದತಿ, ಭೂಸುಧಾರಣೆ ಬಂದ ಮೇಲೆ ದೇವಸ್ಥಾನಗಳ ಬೇಕಾದಷ್ಟು ಜಮೀನು ಕೈಬಿಟ್ಟಿತು. ಉಳಿದದ್ದನ್ನು ಗುತ್ತಿಗೆ ಹಿಡಿದವರು ವರ್ಷಗಟ್ಟಲೆ ಬಿಡದೆ ಕೂತ ಉದಾಹರಣೆ ಊರೂರಿನಲ್ಲಿ ಸಿಗುತ್ತದೆ. ಆಸ್ತಿ ಉಳಿಸಿಕೊಳ್ಳಬೇಕು ಎಂಬ ಚಿಂತೆ ತಪ್ಪಲ್ಲ. ಬಿಡದೆ ಕೂರುವವರಿಗೆ ಧರ್ಮ ಇರುತ್ತದೆ ಎಂಬ ಎಣಿಕೆ ಮಾತ್ರ ತಮಾಷೆಯದ್ದು. ನನಗೆ ಗೊತ್ತಿರುವ ಹಾಗೆ ದೇವರ ಜಾಗ ನುಂಗಿದವರಲ್ಲಿ ದೇವರ ಭಕ್ತರೇ ಜಾಸ್ತಿ.

ಇರಲಿ. ಜಾತ್ರೆಯ ಅಂಗಡಿ ಗುತ್ತಿಗೆ ಹೌದಾ?

ನಮ್ಮ ಕಾನೂನಿನಲ್ಲಿ ಇದಕ್ಕೆ ಹಳೆಯ, ಸ್ಪಷ್ಟವಾದ ಉತ್ತರ ಇದೆ. ಜಾಗವನ್ನು ಅನುಭವಿಸುವ ಹಕ್ಕನ್ನೇ ಇನ್ನೊಬ್ಬರ ಕೈಗೆ ದಾಟಿಸಿದರೆ ಅದು ಗುತ್ತಿಗೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಅದನ್ನು ಹೇಳುತ್ತದೆ. ಹಕ್ಕು ನಮ್ಮಲ್ಲೇ ಉಳಿದು, "ಇಲ್ಲಿ ಇಷ್ಟು ಹೊತ್ತು ಇಂಥ ಕೆಲಸ ಮಾಡಿಕೊಳ್ಳಿ" ಎಂದು ಬರೀ ಒಪ್ಪಿಗೆ ಕೊಟ್ಟರೆ ಅದು ಪರವಾನಗಿ. ಅದೇ ವರ್ಷದ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ಅದರ ವಿವರ ಇದೆ. ಬಾಡಿಗೆ ಮನೆಯವರಿಗೆ ಸಿಗುವುದು ಮೊದಲನೆಯದು. ಸಿನಿಮಾ ಟಿಕೆಟ್ ತೆಗೆದುಕೊಂಡವರಿಗೆ ಸಿಗುವುದು ಎರಡನೆಯದು. ಸುಣ್ಣದ ಗೆರೆಯೊಳಗೆ ಎರಡು ದಿನ ಟಾರ್ಪಾಲು ಕಟ್ಟುವುದು ಯಾವುದರ ಹತ್ತಿರ ಬರುತ್ತದೆ? ಮೂರನೆಯ ದಿನ ಸಮಿತಿಯವರು ಬಂದು ಬಿದಿರು ಕಿತ್ತರೆ ಕೇಳುವ ಹಾಗಿಲ್ಲ. ಆ ಜಾಗಕ್ಕೊಂದು ಬೀಗ ಹಾಕುವ ಹಾಗೂ ಇಲ್ಲ. ಅದು ಗುತ್ತಿಗೆ ಅಲ್ಲವೇ ಅಲ್ಲ ಎಂದು ನನ್ನ ಓದು. ಸದನದಲ್ಲಿ ಈ ವ್ಯತ್ಯಾಸವನ್ನು ಸರ್ಕಾರವೇ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ನಿಯಮ ಹಾಗೇ ಇರುತ್ತಿತ್ತು, ಜಾತ್ರೆಯೂ ಹಾಗೇ ನಡೆಯುತ್ತಿತ್ತು.

ಇನ್ನೊಂದು ಮಾತು. ಇದು ನಿಯಮ, ಕಾಯ್ದೆ ಅಲ್ಲ. ಕಾಯ್ದೆ ಬದಲಾಯಿಸಲು ಸದನದಲ್ಲಿ ವಿಧೇಯಕ ಬೇಕು. ನಿಯಮ ತಿದ್ದುಪಡಿ ಶುರುವಾಗುವುದು ಸರ್ಕಾರದ ಮೇಜಿನಲ್ಲೇ, ಒಂದು ಅಧಿಸೂಚನೆಯಿಂದ. "ನಾವು ಮಾಡಿದ್ದಲ್ಲ" ಎನ್ನುವವರೂ ಬದಲಾಯಿಸಬಹುದಿತ್ತು. "ನಾವು ಬೇರೆ ಉದ್ದೇಶಕ್ಕೆ ಮಾಡಿದ್ದು" ಎನ್ನುವವರೂ ಮೊದಲೇ ಒಂದು ಸಾಲು ಸೇರಿಸಬಹುದಿತ್ತು.

ಎರಡು ಟೊಪ್ಪಿ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬ್ಯಾನರ್ ಕಟ್ಟಿದವರ ಸಿಟ್ಟಲ್ಲ. ಅಂಥವರು ಎಲ್ಲ ಊರಿನಲ್ಲೂ, ಎಲ್ಲ ಧರ್ಮದಲ್ಲೂ ಇದ್ದಾರೆ. ಕಾಡಿದ್ದು ಜವಾಬ್ದಾರಿ ಎಲ್ಲಿ ಹೋಯಿತು ಎಂಬ ಪ್ರಶ್ನೆ.

ಮುಜರಾಯಿ ದೇವಸ್ಥಾನ ಎಂದರೆ ಅರ್ಧ ದೇವರದ್ದು, ಅರ್ಧ ಸರ್ಕಾರದ್ದು. ರಾಜ್ಯದಲ್ಲಿ 34,000ಕ್ಕಿಂತ ಹೆಚ್ಚು ದೇವಸ್ಥಾನಗಳು ಈ ಇಲಾಖೆಯ ಕೆಳಗೆ ಬರುತ್ತವೆ. ವರ್ಷದ ಆದಾಯ 25 ಲಕ್ಷ ದಾಟಿದರೆ ಎ ದರ್ಜೆ, 5 ಲಕ್ಷದಿಂದ 25 ಲಕ್ಷದವರೆಗೆ ಬಿ, ಅದಕ್ಕಿಂತ ಕೆಳಗಿನದೆಲ್ಲ ಸಿ. ಬಹುಪಾಲು ಸಿ ದರ್ಜೆಯವೇ. ಅವುಗಳಿಗೆ ಸರ್ಕಾರದಿಂದ ತಸ್ತೀಕು, ಅಂದರೆ ಪೂಜೆಯ ಖರ್ಚಿನ ಹಣ, ಬರುತ್ತದೆ. ವ್ಯವಸ್ಥಾಪನಾ ಸಮಿತಿಯ ಒಂಬತ್ತು ಜನರನ್ನು ನೇಮಿಸುವುದು ಕಾಯ್ದೆಯ ಕೆಳಗೆ ಆದ ಧಾರ್ಮಿಕ ಪರಿಷತ್ತು. (ಮುಜರಾಯಿ, ತಸ್ತೀಕು ಈ ಎರಡೂ ಪದ ಅರಬಿ, ಪಾರ್ಸಿ ಕಡೆಯಿಂದ ಬಂದವು. ಪದಗಳಿಗೆ ಏಲಂನಲ್ಲಿ ಅಡ್ಡಿ ಇರಲಿಲ್ಲ.)

ಹಾಗಾಗಿ ಬಳೆ ಮಾರುವವರು ಯಾರ ಹತ್ತಿರ ಹೋಗಬೇಕು? ಸಮಿತಿಯವರ ಹತ್ತಿರ ಹೋದರೆ, ನಮ್ಮ ಕೈಯಲ್ಲಿಲ್ಲ, ಸರ್ಕಾರದ ನಿಯಮ ಇದೆ, ಮೇಲಿಂದ ಒತ್ತಡವೂ ಇದೆ ಎನ್ನುತ್ತಾರೆ. ಸರ್ಕಾರದ ಹತ್ತಿರ ಹೋದರೆ, ಅದು ದೇವಸ್ಥಾನದವರು ತೆಗೆದುಕೊಂಡ ತೀರ್ಮಾನ, ಧರ್ಮದ ವಿಷಯದಲ್ಲಿ ನಾವು ಕೈಹಾಕುವುದಿಲ್ಲ ಎನ್ನುತ್ತದೆ. ಪೊಲೀಸರು, ಶಾಂತಿ ಕೆಡದಿದ್ದರೆ ನಮ್ಮದೇನೂ ಇಲ್ಲ ಎನ್ನುತ್ತಾರೆ. ಶಾಂತಿ ಕೆಟ್ಟಿರಲಿಲ್ಲ, ನಿಜ. ಅಂಗಡಿಯವರು ಜಗಳ ಮಾಡದೆ ಮನೆಗೆ ಹೋಗಿದ್ದರು.

ಒಂದೇ ತಲೆಗೆ ಎರಡು ಟೊಪ್ಪಿ. ದುಡ್ಡಿನ ಲೆಕ್ಕ ಕೇಳುವಾಗ ಸರ್ಕಾರದ ಟೊಪ್ಪಿ, ಹಕ್ಕಿನ ಲೆಕ್ಕ ಕೇಳಿದಾಗ ದೇವಸ್ಥಾನದ ಟೊಪ್ಪಿ. ಸಂವಿಧಾನದ 15ನೆಯ ವಿಧಿ ಧರ್ಮ ನೋಡಿ ಭೇದ ಮಾಡಬಾರದು ಎಂದು ಹೇಳುವುದು ಮುಖ್ಯವಾಗಿ ಸರ್ಕಾರಕ್ಕೆ. ಸರ್ಕಾರ ಮಾಡಿದ ನಿಯಮ, ಸರ್ಕಾರದ ಕಾಯ್ದೆಯಿಂದ ಹುಟ್ಟಿದ ಸಮಿತಿ, ಸಮಿತಿ ಕೊಡುವ ರಶೀದಿ, ಅದರಲ್ಲಿ ಧರ್ಮದ ಷರತ್ತು. ಇದರಲ್ಲಿ ಸರ್ಕಾರ ಎಲ್ಲಿ ಮುಗಿಯಿತು, ದೇವರು ಎಲ್ಲಿ ಶುರುವಾದರು?

ಇದರ ಜೊತೆಗೆ ಇನ್ನೊಂದು ವಿಚಿತ್ರ ಇದೆ. ಮೂರೇ ತಿಂಗಳ ಹಿಂದೆ, 2021ರ ಡಿಸೆಂಬರ್ ಕೊನೆಗೆ, ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ದೇವಸ್ಥಾನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಲು ಕಾನೂನು ತರುತ್ತೇವೆ ಎಂದಿದ್ದರು. ಮಾರ್ಚ್ ಬಂದಾಗ ಅದೇ ಸರ್ಕಾರ ಅದೇ ಹಿಡಿತದ ಒಂದು ನಿಯಮವನ್ನು ಸದನದಲ್ಲಿ ಆಸರೆಗೆ ಹಿಡಿಯಿತು. ಹಿಡಿತ ಬೇಡ, ಹಿಡಿ ಬೇಕು ಎಂದ ಹಾಗೆ.

ರಥಬೀದಿಯ ಹಳೆಯ ದಾವೆ

ನಮ್ಮ ಈ ಹೆದ್ದಾರಿಯ ಪಟ್ಟಿಗೆ ಇಂಥ ಪ್ರಶ್ನೆ ಹೊಸತಲ್ಲ. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಎರಡು ತೀರ್ಪು ಇಲ್ಲಿಯವು.

ಮೊದಲನೆಯದು ಉಡುಪಿಯ ಶಿರೂರು ಮಠದ್ದು. ಆಗ ದಕ್ಷಿಣ ಕನ್ನಡ ಮದ್ರಾಸಿನ ಜೊತೆಗಿತ್ತು. ಕೃಷ್ಣನ ಪೂಜೆ ಎಂಟು ಮಠಗಳಿಗೆ ಸರದಿಯಲ್ಲಿ ಬರುವ ಪರ್ಯಾಯದ ಖರ್ಚು ಎಷ್ಟು ಎಂದು ಉಡುಪಿಯವರಿಗೆ ಹೇಳಬೇಕಾಗಿಲ್ಲ. ಮಠಕ್ಕೆ ಸಾಲ ಆಗಿತ್ತು. ಮದ್ರಾಸಿನ ಧರ್ಮಾದಾಯ ಮಂಡಳಿ ಆಡಳಿತದಲ್ಲಿ ಕೈಹಾಕಿತು. ಮಠದ ಸ್ವಾಮಿಗಳಾಗಿದ್ದ ಲಕ್ಷ್ಮೀಂದ್ರ ತೀರ್ಥರು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಒಂದು ಗೆರೆ ಎಳೆದರು. ಪೂಜೆ ಹೇಗೆ, ಯಾವ ಹೊತ್ತಿಗೆ, ನೈವೇದ್ಯ ಏನು ಎಂಬುದು ಧರ್ಮದ ವಿಷಯ, ಅಲ್ಲಿ ಸರ್ಕಾರಕ್ಕೆ ಕೆಲಸ ಇಲ್ಲ. ಆಸ್ತಿ, ಲೆಕ್ಕ, ಆಡಳಿತ ಇವುಗಳನ್ನು ಕಾನೂನಿನಿಂದ ನಿಯಂತ್ರಿಸಬಹುದು, ಆದರೆ ಪೂರ್ತಿ ಕಿತ್ತುಕೊಳ್ಳುವ ಹಾಗಿಲ್ಲ. ಯಾವುದು ಧರ್ಮದ ಅಗತ್ಯ ಭಾಗ ಎಂದು ಆ ಧರ್ಮದ ನಂಬಿಕೆಯಿಂದಲೇ ತಿಳಿಯಬೇಕು ಎಂದೂ ಹೇಳಿದರು. ಅದೇ "ಅಗತ್ಯ ಆಚರಣೆ"ಯ ಅಳತೆಗೋಲು 68 ವರ್ಷ ಬಿಟ್ಟು ಹಿಜಾಬ್ ಪ್ರಕರಣದಲ್ಲಿ ಉಡುಪಿಗೇ ವಾಪಸ್ ಬಂತು. ಮಠವೂ ಆ ಕಾಲೇಜೂ ಒಂದೇ ಪೇಟೆಯಲ್ಲಿವೆ.

ಎರಡನೆಯದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು. ಗೌಡ ಸಾರಸ್ವತರ ದೇವಸ್ಥಾನ ಅದು. ದಲಿತರಿಗೆ ಪ್ರವೇಶ ಕೊಡಬೇಕು ಎಂಬ ಕಾನೂನು ನಮಗೆ ಅನ್ವಯ ಆಗುವುದಿಲ್ಲ ಎಂದು ಆಡಳಿತದವರು ವಾದಿಸಿದರು. ಸುಪ್ರೀಂ ಕೋರ್ಟು 1957ರ ನವೆಂಬರ್‌ನಲ್ಲಿ, ಪಂಗಡಕ್ಕೆ ತನ್ನ ಧರ್ಮದ ವಿಷಯ ನೋಡಿಕೊಳ್ಳುವ ಹಕ್ಕು ಇದೆ, ಆದರೆ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದಿರಬೇಕು ಎಂದಿತು. ಪಂಗಡದವರಿಗೆ ಮಾತ್ರ ಎಂದಿದ್ದ ಕೆಲವು ಸೇವೆಗಳನ್ನು ಉಳಿಸಿಕೊಟ್ಟಿತು.

ಈ ಎರಡು ತೀರ್ಪನ್ನು ಪಕ್ಕದಲ್ಲಿಟ್ಟುಕೊಂಡು ಕಾಪುವಿನ ಏಲಂ ನೋಡಿ. ಮಾರಿಗೆ ಪೂಜೆ ಯಾರು ಮಾಡಬೇಕು, ಗರ್ಭಗುಡಿಯ ಹತ್ತಿರ ಯಾರು ಹೋಗಬೇಕು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದು ಹತ್ತು ಅಡಿ ಜಾಗ. ಅದು ಆಸ್ತಿ, ಲೆಕ್ಕ, ಆಡಳಿತದ ಕಡೆಗೆ ಬೀಳುತ್ತದೆ. 1954ರ ಗೆರೆಯ ಪ್ರಕಾರ ಸರ್ಕಾರ ನೋಡಿಕೊಳ್ಳಬೇಕಾದ ಭಾಗವೇ ಅದು. ಅಲ್ಲಿ ಸರ್ಕಾರ ಧರ್ಮ ನೋಡಿತು.

ಧರ್ಮದ ಭಾಗದಲ್ಲಿ ಏನು ಮಾಡಿತು? ಅದೇ ವರ್ಷ ಡಿಸೆಂಬರ್‌ನಲ್ಲಿ ರಾಜ್ಯ ಧಾರ್ಮಿಕ ಪರಿಷತ್ತು ಕೊಲ್ಲೂರಿನಂಥ ದೇವಸ್ಥಾನಗಳಲ್ಲಿ ನಡೆಯುವ "ಸಲಾಂ ಆರತಿ"ಯ ಹೆಸರು ಬದಲಾಗಬೇಕು, "ನಮಸ್ಕಾರ" ಎಂದಾಗಬೇಕು ಎಂದು ತೀರ್ಮಾನಿಸಿತು. ದೇವರ ಮುಂದೆ ಎತ್ತುವ ಆರತಿಯ ಹೆಸರನ್ನು ತಿದ್ದಿದ್ದು ಕಾಯ್ದೆಯಿಂದ ಹುಟ್ಟಿದ ಒಂದು ಮಂಡಳಿ. ಶಿರೂರು ಮಠದ ತೀರ್ಪನ್ನು ತಲೆಕೆಳಗು ಮಾಡಿ ಓದಿದ ಹಾಗೆ ಆಯಿತು ಇದು.

ಆಡಳಿತ ಮಂಡಳಿಯವರ ಕುರ್ಚಿ

ಸಮಿತಿಯವರನ್ನು ಬೈಯುವುದು ಸುಲಭ. ನಾನು ಜಾಸ್ತಿ ಬೈಯಲಾರೆ. ಜಾತ್ರೆಗೆ ನಾಲ್ಕು ದಿನ ಇದೆ. ಚಪ್ಪರದವರಿಗೆ ಅಡ್ವಾನ್ಸ್ ಆಗಿದೆ. ಸಾವಿರಾರು ಜನ ಬರುವವರಿದ್ದಾರೆ. ಆಗ ಹತ್ತು ಹುಡುಗರು ಬಂದು, ನೀವು ಅವರಿಗೆ ಜಾಗ ಕೊಟ್ಟರೆ ಏನಾದರೂ ಆದೀತು, ನಮ್ಮನ್ನು ದೂರಬೇಡಿ ಎಂದರೆ? ಸಮಿತಿಯವರು ಊರಿನವರೇ. ಕಿರಾಣಿ ಅಂಗಡಿ ಇಟ್ಟವರು, ನಿವೃತ್ತ ಮೇಷ್ಟ್ರು, ಮೀನಿನ ವ್ಯಾಪಾರದವರು. ಅವರ ಹಿಂದೆ ಒಬ್ಬ ಅಧಿಕಾರಿ ನಿಂತು "ಏಲಂ ಎಲ್ಲರಿಗೂ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಎಂದಿದ್ದರೆ ಅವರೂ ಬೆನ್ನು ನೇರ ಮಾಡುತ್ತಿದ್ದರೇನೋ.

ಹಾಗೆ ನಿಲ್ಲುವುದು ಆಗದ ಕೆಲಸ ಅಲ್ಲ ಎಂಬುದಕ್ಕೆ 2023ರ ಅಕ್ಟೋಬರಿನ ಮಂಗಳಾದೇವಿ ನವರಾತ್ರಿ ಇದೆ. ಮಂಗಳೂರಿಗೆ ಹೆಸರು ಕೊಟ್ಟ ದೇವಿ. ಅಲ್ಲಿಯೂ ಏಲಂನಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಡಲಾಗಿತ್ತು. ಬೀದಿ ವ್ಯಾಪಾರಿಗಳು ದೂರು ಕೊಟ್ಟರು. ಈ ಸಲ ಜಿಲ್ಲಾಡಳಿತ ನಡುವೆ ಬಂತು. ರಸ್ತೆ ರಸ್ತೆಯೇ, ಅದು ದೇವಸ್ಥಾನದ ಅಂಗಳ ಅಲ್ಲ ಎಂಬ ಸಾದಾ ಮಾತು ಆಗ ಕೆಲಸಕ್ಕೆ ಬಂತು. ಉಳಿದ ಜಾಗಗಳಿಗೆ ಮತ್ತೆ ಏಲಂ ಆಗಿ ಕೆಲವು ಮುಸ್ಲಿಮರಿಗೂ ಜಾಗ ಸಿಕ್ಕಿತು.

ಆಮೇಲೆ ಆದದ್ದೂ ಈ ಕಡತಕ್ಕೆ ಸೇರಬೇಕು. ಹಿಂದೂಗಳ ಅಂಗಡಿಗಳಿಗೆ ಕೇಸರಿ ಬಾವುಟ ಕಟ್ಟಲಾಯಿತು. ಬಾವುಟ ಇದ್ದಲ್ಲಿ ಕೊಳ್ಳಿ, ಇಲ್ಲದಲ್ಲಿ ಬಿಡಿ ಎಂಬ ಸೂಚನೆ ಅದು. ಪೊಲೀಸರು ಕೇಸು ಹಾಕಿದರು. ಏಲಂನಲ್ಲಿ ಸರ್ಕಾರ ಎಳೆಯುವ ಗೆರೆ ಅಳಿಸಿದರೆ ಗಿರಾಕಿಯ ಮನಸ್ಸಿನಲ್ಲಿ ಗೆರೆ ಎಳೆಯಲು ಜನ ಇದ್ದಾರೆ. ಆದರೆ ಎರಡೂ ಒಂದೇ ಅಲ್ಲ. ಯಾರ ಅಂಗಡಿಯಲ್ಲಿ ಕೊಳ್ಳಬೇಕು ಎಂಬುದು ಗಿರಾಕಿಯ ಇಷ್ಟ, ಆ ಇಷ್ಟ ಎಷ್ಟು ಕೆಟ್ಟದ್ದಾದರೂ. ಯಾರು ಅಂಗಡಿ ಇಡಬಹುದು ಎಂಬುದು ರಶೀದಿ ಪುಸ್ತಕ ಹಿಡಿದವರ ಇಷ್ಟ ಆಗಬಾರದು.

ಬಪ್ಪನಾಡಿನ ವಿಷಯ ಹೇಳದೆ ಇದನ್ನು ಮುಗಿಸಲು ಮನಸ್ಸಿಲ್ಲ. ಮೂಲ್ಕಿಯ ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯದ ಪ್ರಕಾರ ಬಪ್ಪ ಬ್ಯಾರಿ ಎಂಬ ವ್ಯಾಪಾರಿಯ ದೋಣಿ ಅಲ್ಲಿ ಹೊಳೆಯಲ್ಲಿ ಸಿಕ್ಕಿಹಾಕಿಕೊಂಡಿತು, ದೇವಿ ಕಾಣಿಸಿಕೊಂಡಳು, ಅವನು ಗುಡಿ ಕಟ್ಟಿಸಿದ. ಊರಿಗೆ ಅವನದ್ದೇ ಹೆಸರು. ಇದು ಇತಿಹಾಸವೋ ಕತೆಯೋ ಎಂಬ ಜಗಳ ಬೇಡ. ನೂರಾರು ವರ್ಷ ಭಕ್ತರು ಅದನ್ನು ನಾಚಿಕೆ ಇಲ್ಲದೆ, ಹೆಮ್ಮೆಯಿಂದ ಹೇಳಿಕೊಂಡು ಬಂದರು, ಅಷ್ಟು ಸಾಕು. 2022ರಲ್ಲಿ ಬ್ಯಾನರ್ ಕಟ್ಟಿದ ಜಾತ್ರೆಗಳಲ್ಲಿ ಅದೂ ಒಂದು. ಬ್ಯಾರಿ ಕಟ್ಟಿಸಿದ ಎನ್ನುವ ಗುಡಿಯ ಜಾತ್ರೆಯಲ್ಲಿ ಬ್ಯಾರಿಗಳಿಗೆ ಜಾಗ ಇಲ್ಲ.

ರಶೀದಿ

ಮುಂದಿನ ವರ್ಷ ಇನ್ನೊಂದು ಊರಿನ ಜಾತ್ರೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಅಲ್ಲಿಯೂ ಅದೇ ಷರತ್ತು ಇತ್ತು ಎಂದು ಕೇಳಿದ್ದೆ. ತಂಗಿಯ ಮಗನಿಗೆ ಪೀಪಿ ಬೇಕಿತ್ತು. ಆಟದ ಸಾಮಾನಿನ ಅಂಗಡಿಯೊಂದರ ಮುಂದೆ ನಿಂತೆವು. ಮುಂದೆ ಹಣೆಗೆ ಕುಂಕುಮ ಇಟ್ಟ ಒಬ್ಬರು ಕೂತಿದ್ದರು. ಹಿಂದೆ ಟಾರ್ಪಾಲಿನ ನೆರಳಿನಲ್ಲಿ ಇನ್ನೊಬ್ಬರು ಬಲೂನಿಗೆ ಗಾಳಿ ತುಂಬುತ್ತಿದ್ದರು. ಅವರ ಮುಖ ನನಗೆ ಗೊತ್ತಿತ್ತು. ಹತ್ತಾರು ವರ್ಷದಿಂದ ಜಾತ್ರೆ ಜಾತ್ರೆಗೆ ತಿರುಗುವವರು.

"ಎಂತ ಅಣ್ಣ, ಈ ಸಲ ಹಿಂದೆ ಕೂತಿದ್ದೀರಿ?" ಎಂದೆ.

ಅವರು ನಕ್ಕರು. ಮುಂದೆ ಕೂತವರನ್ನು ತೋರಿಸಿದರು. "ರಶೀದಿ ಇವರ ಹೆಸರಿನಲ್ಲಿ ಮಾರಾಯ್ರೆ. ನೆರೆಮನೆಯವರು. ಸಾಮಾನು ನಂದು."

ನೆರೆಮನೆಯವರಿಗೆ ಚೂರು ಮುಜುಗರ ಆಯಿತು. "ನಾನು ಗದ್ದೆ ಕೆಲಸದವ. ಎರಡು ದಿನ ಬಂದು ಕೂತಿದ್ದೇನೆ ಅಷ್ಟೆ. ಇವ ಮನೆಯಲ್ಲಿ ಕೂತರೆ ಮಕ್ಕಳ ಫೀಸು ಯಾರು ಕಟ್ಟುದು?" ಎಂದರು.

ಜೇಬಿನಿಂದ ರಶೀದಿ ತೆಗೆದು ತೋರಿಸಿದರು. ನಾಲ್ಕು ಮಡಿಕೆ ಮಾಡಿದ ಹಳದಿ ಕಾಗದ, ಮೇಲೆ ಜಾಗದ ನಂಬರು, ಕೆಳಗೆ ಮೊಹರು. ಬೆವರಿಗೆ ಶಾಯಿ ಸ್ವಲ್ಪ ಹರಡಿತ್ತು. ನಾನು ಪೀಪಿ ಎತ್ತಿಕೊಂಡು ಎಷ್ಟು ಎಂದು ಕೇಳಿದೆ. ರಶೀದಿ ಇದ್ದವರು ಹಿಂದೆ ತಿರುಗಿ ನೋಡಿದರು.

"ಇಪ್ಪತ್ತು ಹೇಳು" ಎಂದರು ಹಿಂದೆ ಕೂತವರು.

"ಇಪ್ಪತ್ತು" ಎಂದರು ಇವರು.